ಲಕ್ಷ್ಮಿದೇವಮ್ಮ ಚಪ್ಪಲಿ ಕಾಯುವುದಿಲ್ಲ

ಹೊಸಹಳ್ಳಿಯ ಲಕ್ಷ್ಮಿದೇವಮ್ಮ ಸಮುದ್ರ ನೋಡಿದ್ದು ಒಂದೇ ಸಲ, ಅದೂ ಹನ್ನೊಂದು ಜೊತೆ ಚಪ್ಪಲಿಯ ಆಚೆಯಿಂದ. ಆರು ವರ್ಷದ ಹಿಂದೆ ಮನೆಮಂದಿಯೆಲ್ಲ ಮುರುಡೇಶ್ವರಕ್ಕೆ ಹೋಗಿದ್ದರು. ಟೆಂಪೋ ಟ್ರಾವೆಲರ್ ನಿಂತದ್ದೇ ತಡ, ಗಂಡ, ಮಗ, ಸೊಸೆ, ಮೊಮ್ಮಗಳು, ಮೈದುನನ ಮನೆಯ ಏಳು ಜನ, ಎಲ್ಲರೂ ಮರಳಿನ ಮೇಲೆ ಚಪ್ಪಲಿ ಕೊಡವಿ ಓಡಿದರು. ಓಡುವಾಗ ಕೈಲಿದ್ದದ್ದನ್ನೆಲ್ಲ ಆಕೆಯ ಮಡಿಲಿಗೆ ಸುರಿದರು. ಫೋನು, ಕನ್ನಡಕ, ವಾಚು, ಟವೆಲ್ಲು, ಯಾರೋ ಅರ್ಧ ತಿಂದು ಬಿಟ್ಟ ಮುಸುಕಿನ ಜೋಳ. ಎರಡು ಗಂಟೆ ಕೂತಳು. ಒಂದೇ ಒಂದು ಸಲ ಅಲೆಯೊಂದು ತಾನಾಗಿ ಆಕೆಯ ಕಾಲಿನವರೆಗೆ ಬಂತು. ಚಪ್ಪಲಿ ನೆನೆಯುತ್ತದೆ ಅಂತ ಅವನ್ನೆಲ್ಲ ಸೆರಗಿಗೆ ಬಾಚಿಕೊಂಡು ಆಕೆಯೇ ಹಿಂದಕ್ಕೆ ಓಡಿದಳು.

ಊರಿಗೆ ಬಂದ ಮೇಲೆ ಬೀದಿಯ ಹೆಂಗಸರು ಕೇಳಿದರು, "ಸಮುದ್ರ ಹೆಂಗಿತ್ತು ಲಕ್ಷ್ಮಿದೇವಮ್ಮ?"

"ಸದ್ದು ಜಾಸ್ತಿ" ಅಂದಳು.

ಕಾಯುವುದೇ ಆಕೆಯ ನೌಕರಿ. ಕೆಂಗೇರಿ ಆಚೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಹೊಸಹಳ್ಳಿಗೆ ಬಂದಾಗ ಅತ್ತೆ ಮೊದಲು ಒಪ್ಪಿಸಿದ್ದು ಒಣಗಲು ಹಾಕಿದ ರಾಗಿಯನ್ನು. ಕೋಳಿ ಬರದಂತೆ ಕಾಯಿ ಅಂದಳು. ಆಮೇಲೆ ರಾಗಿ ಬೆಳೆಯುವ ನೆಲ ಬಡಾವಣೆಯಾಯಿತು, ಕೋಳಿ ಅಂಗಡಿ ಸೇರಿತು, ಮನೆಯಿದ್ದ ಜಾಗದಲ್ಲಿ ಮೂರು ಮಹಡಿಯೆದ್ದು ಒಂಬತ್ತು ಬಾಡಿಗೆ ಸಂಸಾರ ಬಂದವು. ಕಾಯುವ ಕೆಲಸ ಮಾತ್ರ ಆಕೆಯ ಕೊರಳಿಗೇ ಉಳಿಯಿತು. ದೇವಸ್ಥಾನದಲ್ಲಿ ಚಪ್ಪಲಿ, ಆಸ್ಪತ್ರೆಯಲ್ಲಿ ಎಕ್ಸ್‌ರೇ ಕವರು, ಧರ್ಮಸ್ಥಳದ ಸ್ನಾನಘಟ್ಟದಲ್ಲಿ ಗಂಡಸರ ಪ್ಯಾಂಟು. ಮದುವೆಮನೆಯಲ್ಲಂತೂ ಒಡವೆ ಇಟ್ಟ ಕೋಣೆಗೆ ಆಕೆಯನ್ನು ಬಿಟ್ಟು ಇನ್ನೊಬ್ಬರನ್ನು ನಂಬುವವರಿಲ್ಲ. ತಾಳಿ ಕಟ್ಟುವುದನ್ನು ಕಣ್ಣಾರೆ ನೋಡಿ ಎಷ್ಟೋ ವರ್ಷವಾಯಿತು. ವಾಲಗ ಜೋರಾದಾಗ ಕೋಣೆಯೊಳಗೇ ನಾಲ್ಕು ಅಕ್ಷತೆ ಗಾಳಿಗೆ ತೂರುತ್ತಾಳೆ, ಅಷ್ಟೆ. "ನೀನಿದ್ರೆ ನಮಗೆ ಧೈರ್ಯ" ಅನ್ನುತ್ತಾರೆ. ಬಿಟ್ಟಿ ದುಡಿಸಿಕೊಳ್ಳುವವರು ಎಲ್ಲ ಕಾಲದಲ್ಲೂ ಆಡುವ ಮಾತು ಇದೇ.

ಇಂಥ ಲಕ್ಷ್ಮಿದೇವಮ್ಮನಿಗೆ ಐವತ್ತೊಂಬತ್ತು ತುಂಬಿದ ವರ್ಷ ಮಗ ಕಾಂತರಾಜುವಿಗೆ ಈಜುವ ಹುಚ್ಚು ಹಿಡಿಯಿತು. ವಿಜಯನಗರದಲ್ಲಿ ಅವನದು ಪೈಪು, ನಲ್ಲಿ ಮಾರುವ ಅಂಗಡಿ. ಹೊಟ್ಟೆ ಮುಂದೆ ಬಂತು ಅಂತ ಡಾಕ್ಟರು ಹೆದರಿಸಿದ್ದಕ್ಕೆ ಬಸವೇಶ್ವರನಗರದ ಈಜುಕೊಳದಲ್ಲಿ ಇಪ್ಪತ್ತೊಂದು ದಿನದ ಶಿಬಿರ ಸೇರಿದ. ಏಳು ವರ್ಷದ ಮಕ್ಕಳ ಜೊತೆ ಕಾಲು ಬಡಿದು, ಅವರಿಗಿಂತ ಎರಡು ದಿನ ತಡವಾಗಿ ಕಲಿತು, ಕೊನೆಗೆ ಒಂದು ಸರ್ಟಿಫಿಕೇಟ್ ಹಿಡಿದು ಬಂದ. ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ಮೊಳೆ ಹೊಡೆದ.

ಒಂದು ಭಾನುವಾರ ಬೆಳಗ್ಗೆ ಇಡ್ಲಿ ಮುಂದೆ ಕೂತು ಘೋಷಿಸಿದ, "ಈ ಸಲ ಸ್ವಿಮ್ಮಿಂಗ್ ಹಾಲಿಡೇ. ಮಲ್ಪೆಗೆ. ಬರೀ ನೋಡ್ಕೊಂಡು ಬರೋದಲ್ಲ, ಮೂರು ದಿನ ನೀರಲ್ಲೇ ಇರ್ಬೇಕು."

"ನೀರಲ್ಲೇ ಇರೋಕೆ ನಾವೇನು ಎಮ್ಮೆಗಳೇನ್ರೀ?" ಅಂದಳು ಸೊಸೆ ಶರಣ್ಯಾ. ಆದರೂ ಅವಳ ಮುಖ ಅರಳಿತ್ತು.

ಗೋಡೆಯ ಕ್ಯಾಲೆಂಡರ್ ಇಳಿಸಿದರು. ಹೊಸಹಳ್ಳಿಯ ಹಳೇ ಒಕ್ಕಲು ಮನೆಗಳಿಗೆ ವರ್ಷದಲ್ಲಿ ಇರುವುದು ಎರಡೇ ಬಗೆಯ ತಿಂಗಳು, ಮದುವೆ ಇರುವುದು ಮತ್ತು ಇಲ್ಲದ್ದು. ಇದ್ದ ತಿಂಗಳಲ್ಲಿ ಒಂದು ಶನಿವಾರ, ಭಾನುವಾರವೂ ಇವರದಲ್ಲ. ಮದುವೆ, ಬೀಗರ ಊಟ, ಗೃಹಪ್ರವೇಶ, ನಾಮಕರಣ. ಒಂದು ತಪ್ಪಿಸಿದರೂ ಇವರ ಮನೆಯ ಮುಂದಿನ ಕಾರ್ಯಕ್ಕೆ ಆ ಮನೆಯಿಂದ ನಾಯಿಯೂ ಬರುವುದಿಲ್ಲ. ಇಲ್ಲದ ತಿಂಗಳುಗಳೋ ಬೆರಳೆಣಿಕೆ. ಧನುರ್ಮಾಸದಲ್ಲಿ ಅಪ್ಪ, ಮಗ ಅಯ್ಯಪ್ಪನ ಮಾಲೆ ಹಾಕುತ್ತಾರೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡಬೇಕು, ಸತ್ತವರು ಬಂದಾಗ ಬದುಕಿದ್ದವರು ಮನೆಯಲ್ಲಿರಬೇಕಲ್ಲ. ಉಳಿದದ್ದು ಆಷಾಢ.

"ಜುಲೈ ಎರಡನೇ ಶನಿವಾರ" ಅಂದ ಲಕ್ಷ್ಮಿದೇವಮ್ಮನ ಗಂಡ ದೇವೇಂದ್ರಪ್ಪ, ಬೆರಳು ಒತ್ತಿ. "ಆಷಾಢ. ಒಂದು ಲಗ್ನ ಇಲ್ಲ, ಒಂದು ಕಾರ್ಯ ಇಲ್ಲ. ಟೆಂಪೋನೂ ಸುಲಭವಾಗಿ ಸಿಗುತ್ತೆ, ರೂಮೂ ಸಿಗುತ್ತೆ."

"ಸೂಪರ್ ಅಪ್ಪ" ಅಂದ ಕಾಂತರಾಜು.

ಬೆಂಗಳೂರಿನಲ್ಲಿ ಇಷ್ಟು ಸುಲಭವಾಗಿ ಸಿಗುವುದೆಲ್ಲ ಯಾಕೆ ಸಿಗುತ್ತಿದೆ ಅಂತ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಚಟ್ನಿ ಬಡಿಸುತ್ತಿದ್ದ ಲಕ್ಷ್ಮಿದೇವಮ್ಮ ಸೌಟು ಕೆಳಗಿಟ್ಟಳು. "ನಂದೊಂದು ಮಾತು. ಈ ಸಲ ನಾನೂ ನೀರಿಗಿಳೀತೀನಿ. ಚಪ್ಪಲಿ ಬೇರೆಯವರು ಕಾಯ್ಲಿ."

ಮೊದಲು ದೇವೇಂದ್ರಪ್ಪ ನಕ್ಕ. ಅವನನ್ನು ನೋಡಿ ಕಾಂತರಾಜು ನಕ್ಕ. ಒಂಬತ್ತು ವರ್ಷದ ಮೊಮ್ಮಗಳು ರಕ್ಷಾ ಯಾಕೆ ಅಂತ ಗೊತ್ತಿಲ್ಲದೆಯೇ ನಕ್ಕಳು.

"ನೀನು ನೀರಿಗಿಳಿದ್ರೆ ಚಪ್ಪಲಿ ಯಾರು ಕಾಯ್ತಾರೆ?" ಅಂದ ದೇವೇಂದ್ರಪ್ಪ.

"ಅದನ್ನೇ ನಾನು ಕೇಳ್ತಿರೋದು. ನೀವು ಕಾಯಿರಿ."

"ನಾನಾ? ನಾನು ಈಜೋನು ಕಣೇ! ನಮ್ಮ ಕೆರೇಲಿ ಈ ದಡದಿಂದ ಆ ದಡಕ್ಕೆ ಹೋಗ್ತಿದ್ದೆ."

ಆ ಕೆರೆಯ ಮೇಲೆ ಈಗ ನಾಲ್ಕು ಅಡ್ಡರಸ್ತೆ, ಒಂದು ಪಾರ್ಕು ಇವೆ. ಸಾಕ್ಷಿ ಕೇಳುವ ಹಾಗಿಲ್ಲ. ಮುರುಡೇಶ್ವರದಲ್ಲಿ ಅವನು ಪ್ಯಾಂಟು ಮೊಣಕಾಲಿಗೆ ಮಡಚಿ, ಪಾದ ಮುಳುಗುವಷ್ಟು ನೀರಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲರಿಗೂ ಈಜಲು ಹೇಳಿಕೊಟ್ಟದ್ದನ್ನು ಮಾತ್ರ ಲಕ್ಷ್ಮಿದೇವಮ್ಮ ಕಣ್ಣಾರೆ ಕಂಡಿದ್ದಳು.

"ನಿನ್ನಷ್ಟು ಚೆನ್ನಾಗಿ ಕಾಯೋರು ಯಾರಮ್ಮ ಇದಾರೆ?" ಅಂತ ಕಾಂತರಾಜು ಬೆಣ್ಣೆ ಹಚ್ಚಿದ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡರು. ಚಟ್ನಿ ಮುಗಿದಿತ್ತು, ಅಷ್ಟೆ.

ಜೂನ್ ಕೊನೆಯಲ್ಲಿ, ಆಷಾಢಕ್ಕೆ ಮುಂಚಿನ ಕಡೇ ಬೀಗರ ಊಟ. ಮಾಗಡಿ ರಸ್ತೆಯ ಒಂದು ಸಭಾಂಗಣ. ಮದುವೆಯ ಸಿಹಿಯೂಟ ಉಂಡು ನಾಲಿಗೆ ಸಪ್ಪೆಯಾದ ಬಂಧುಬಳಗಕ್ಕೆ ಗಂಡಿನ ಮನೆಯವರು ಹಾಕುವ ಮಾಂಸದೂಟ ಇದು. ತಲೆಮಾಂಸ, ಬೋಟಿ ಗೊಜ್ಜು, ಚಾಪ್ಸು, ಬಿಸಿಮುದ್ದೆ. ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಖಾಲಿ ಬಿಟ್ಟುಕೊಂಡು ಬರುವವರಿದ್ದಾರೆ. ದೇವೇಂದ್ರಪ್ಪ ಅಂಥವರಲ್ಲಿ ಮೊದಲನೆಯವನು.

ವಾಡಿಕೆಯಂತೆ ಗೋಡೆ ಪಕ್ಕದ ಕುರ್ಚಿಯಲ್ಲಿ ಲಕ್ಷ್ಮಿದೇವಮ್ಮನನ್ನು ಕೂರಿಸಿದರು. ಏಳು ಪರ್ಸು, ಎರಡು ಹೆಲ್ಮೆಟ್ಟು, ಯಾವುದೋ ಮಗುವಿನ ಒಂದು ಶೂ, ಎಲ್ಲ ಮಡಿಲಿಗೆ ಬಂದು ಬಿದ್ದವು. ಮೊದಲ ಪಂಕ್ತಿಗೆ ಬಾಗಿಲು ತೆಗೆದರು. ಜನ ನುಗ್ಗಿತು. ಲಕ್ಷ್ಮಿದೇವಮ್ಮ ಎಲ್ಲವನ್ನೂ ನಿಧಾನವಾಗಿ ಕುರ್ಚಿಯ ಮೇಲೆ ಪೇರಿಸಿದಳು. ಶೂವನ್ನು ತುದಿಗಿಟ್ಟಳು. ತನ್ನ ಕೈಚೀಲ ಮಾತ್ರ ಹೆಗಲಿಗೆ ಹಾಕಿಕೊಂಡು ಎದ್ದು ಹೋಗಿ ಮೊದಲ ಪಂಕ್ತಿಯಲ್ಲಿ ಕೂತಳು. ನಲವತ್ತು ವರ್ಷದಲ್ಲಿ ಆಕೆ ಬಿಸಿಮುದ್ದೆಯನ್ನು ಬಿಸಿಯಾಗಿ ಉಂಡದ್ದು ಅದೇ ಮೊದಲು.

ಆಕೆಯ ಕೈಚೀಲದಲ್ಲಿ ಒಂದು ಸೋಪಿನ ಡಬ್ಬಿ ಇತ್ತು. ಡಬ್ಬಿಯಲ್ಲಿ ದೇವೇಂದ್ರಪ್ಪನ ಹಲ್ಲಿನ ಸೆಟ್ಟು ಇತ್ತು. ಮೇಲಿನದು ಪೂರ್ತಿ, ಕೆಳಗಿನದು ಅರ್ಧ. ಒಸಡು ಒತ್ತುತ್ತದೆ ಅಂತ ಅವನು ಊಟದ ಹೊತ್ತಿಗೆ ಮಾತ್ರ ಹಾಕಿಕೊಳ್ಳುವುದು. ಅದನ್ನು ಕಾಯುವುದೂ ಆಕೆಯೇ.

ಎಲೆಯ ಮುಂದೆ ಕೂತ ಮೇಲೆ ದೇವೇಂದ್ರಪ್ಪನಿಗೆ ಬಾಯಿ ನೆನಪಾಯಿತು. ಎದ್ದು ಗೋಡೆಯ ಬಳಿ ಓಡಿದ. ಕುರ್ಚಿಯಲ್ಲಿ ಸಾಮಾನಿದೆ, ಹೆಂಡತಿ ಇಲ್ಲ. ಹುಡುಕಿ ಹುಡುಕಿ ಪಂಕ್ತಿಯ ಆ ತುದಿಯಲ್ಲಿ ಕಂಡಳು, ಚಾಪ್ಸಿನ ಮೂಳೆ ಚೀಪುತ್ತ.

"ಲಕ್ಷ್ಮೀ, ಹಯ್ಯು" ಅಂದ.

"ಏನು?"

"ಹಯ್ಯು ಕೊಡೇ!"

"ಕಾಯೋಳು ಊಟಕ್ಕೆ ಹೋಗವಳೆ. ಊಟ ಆದ್ಮೇಲೆ ಬನ್ನಿ."

"ಏನೇ ಇದು ಜನದ ಮಧ್ಯೆ?"

"ಜನ ಅವರ ಪಾಡಿಗೆ ಉಣ್ತಾವ್ರೆ. ಸಮುದ್ರದ್ದು ಏನಾಯ್ತು ಹೇಳಿ."

ಬಡಿಸುವವನು ತಲೆಮಾಂಸದ ಬಕೆಟ್ ಹಿಡಿದು ಬಂದ. ಲಕ್ಷ್ಮಿದೇವಮ್ಮನ ಎಲೆಗೆ ಎರಡು ಸೌಟು ಬಿತ್ತು. ಹಬೆ ಎದ್ದು ದೇವೇಂದ್ರಪ್ಪನ ಮೂಗಿಗೇ ಹೊಡೆಯಿತು. ಅವನ ಎಲೆ ಆ ಕಡೆ ಆರುತ್ತಿತ್ತು. ಎಂಥೆಂಥ ಆಡಳಿತ ಮಂಡಳಿಗಳು ಇದಕ್ಕಿಂತ ಕಡಿಮೆ ಪೆಟ್ಟಿಗೆ ಮಾತುಕತೆಗೆ ಬಂದಿವೆ.

"ಆಯ್ತು, ಇಳಿ. ಯಾರು ಬೇಡ ಅಂದ್ರು?" ಅಂದ. ಹಲ್ಲಿಲ್ಲದ ಬಾಯಿಂದ ಅದು ಮಂತ್ರದ ಹಾಗೆ ಕೇಳಿತು.

"ಚಪ್ಪಲಿ?"

"ನಾ... ನಾನೇ ಕಾಯ್ತೀನಿ."

"ಬಾಯ್ಮಾತು ಬೇಡ, ಈ ಬಾಯಲ್ಲಂತೂ ಬೇಡ. ಕಾಂತ, ಬಾರೋ ಇಲ್ಲಿ. ಬರಿ."

ಒಂಬತ್ತು ಬಾಡಿಗೆ ಮನೆ ಇರುವ ವಂಶಕ್ಕೆ ಕರಾರು ಪತ್ರದ ಭಾಷೆ ಜೋಗುಳದ ಹಾಗೆ ಬಾಯಿಪಾಠ. ಕಾಂತರಾಜು ಎಡಗೈಯಲ್ಲಿ ಲಗ್ನಪತ್ರಿಕೆ ಹಿಡಿದು, ಅದರ ಬೆನ್ನ ಮೇಲೆ, ಸಾರು ಮೆತ್ತಿದ ಬಲಗೈಯಲ್ಲೇ ಬರೆದ: ಹೊಸಹಳ್ಳಿ ವಾಸಿ ದೇವೇಂದ್ರಪ್ಪ ಆದ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ ಬರೆದುಕೊಟ್ಟ ಕರಾರು ಏನೆಂದರೆ, ಮುಂದೆ ಕುಟುಂಬ ಸಮೇತ ಸಮುದ್ರಕ್ಕೆ ಹೋದಾಗ ದಡದಲ್ಲಿ ಚಪ್ಪಲಿ, ಬ್ಯಾಗು, ಫೋನು ಇತ್ಯಾದಿ ಚರ ಸ್ವತ್ತುಗಳನ್ನು ಕಾಯುವ ಹೊಣೆ ನನ್ನದಾಗಿರುತ್ತದೆ. ನನ್ನ ಹೆಂಡತಿ ನೀರಿನಲ್ಲಿ ಎಷ್ಟು ಹೊತ್ತಿದ್ದರೂ ನಾನು ತಕರಾರು ಮಾಡತಕ್ಕದ್ದಲ್ಲ.

ದೇವೇಂದ್ರಪ್ಪ ಸಹಿ ಹಾಕಿದ. ಡಬ್ಬಿ ಕೈಗೆ ಬಂತು. ಅವನು ಓಡಿದ ರಭಸ ನೋಡಿ ಪಕ್ಕದ ಎಲೆಯ ಅಪರಿಚಿತ ಹೆಂಗಸು ಕೇಳಿದಳು, "ಏನಾಗಿತ್ತಕ್ಕ ಅವರಿಗೆ?"

"ಏನಿಲ್ಲ, ಹಲ್ಲುನೋವು" ಅಂದಳು ಲಕ್ಷ್ಮಿದೇವಮ್ಮ.

ಆಮೇಲೆ ಮನೆಯಲ್ಲಿ ತಯಾರಿ ಶುರುವಾಯಿತು. ಶರಣ್ಯಾ ಫೋನಿನಲ್ಲಿ ಈಜುವ ಬಟ್ಟೆ ತೋರಿಸಿದಳು. ಲಕ್ಷ್ಮಿದೇವಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದಕ್ಕೆ ಇನ್ನೂ ಬಟ್ಟೆ ಹೊಲಿಯೋದು ಬಾಕಿ ಐತೆ" ಅಂದಳು. ಕೊನೆಗೆ ನೈಟಿ ಅಂತ ತೀರ್ಮಾನವಾಯಿತು. ಆದರೆ ನೈಟಿ ನೀರಲ್ಲಿ ಬಲೂನಿನ ಹಾಗೆ ಉಬ್ಬಿ ತಲೆಯ ಮೇಲೆ ಬರುತ್ತದೆ ಅಂತ ಶರಣ್ಯಾ ಎಚ್ಚರಿಸಿದಳು. ಒಳಗೆ ಪ್ಯಾಂಟು, ಮೇಲೆ ನೈಟಿ, ಸೊಂಟಕ್ಕೆ ದೇವೇಂದ್ರಪ್ಪನ ಹಳೇ ಬೆಲ್ಟು. ಕನ್ನಡಿ ಮುಂದೆ ನಿಂತಾಗ ಪೊಲೀಸಮ್ಮನ ಹಾಗೆ ಕಂಡಳು. ಅದು ಆಕೆಗೆ ಹಿಡಿಸಿತು.

ಕಾಂತರಾಜು ತರಬೇತಿ ಶುರು ಮಾಡಿದ. ಹಾಲಿನ ದಿವಾನದ ಮೇಲೆ ಅಮ್ಮನನ್ನು ಬೋರಲು ಮಲಗಿಸಿ, "ಕಾಲು ಬಡೀಬೇಕಮ್ಮ, ಮಂಡಿ ಮಡಚಬಾರ್ದು" ಅಂದ. ಬಡಿದಳು. ಮೂರನೇ ಏಟಿಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಸ್ಟ್ಯಾಂಡಿನಿಂದ ಬಿದ್ದು ಹಾಲೆಲ್ಲ ಕೆರೆಯಾಯಿತು. "ಈಗ ಈಜಜ್ಜಿ!" ಅಂತ ರಕ್ಷಾ ಕೂಗಿದಳು. ಮರುದಿನ ಉಸಿರು ಕಟ್ಟುವ ಪಾಠ. ಮದುವೆಗೆ ಸಾರು ಕಾಯಿಸುವ ದೊಡ್ಡ ಪಾತ್ರೆಗೆ ನೀರು ತುಂಬಿ ಅದರಲ್ಲಿ ಮುಖ ಅದ್ದಿಸಿದ.

"ಇದಕ್ಕೂ ಮುಖ ತೊಳೆಯೋಕೂ ಏನೋ ವ್ಯತ್ಯಾಸ?"

"ಮುಖ ತೊಳೆಯೋವಾಗ ಮಾತಾಡ್ಬಹುದಮ್ಮ. ಇಲ್ಲಿ ಮಾತಾಡ್ಬಾರ್ದು."

ಅದೇ ಕಷ್ಟವಾಯಿತು. ಏಳು ಎಣಿಸುವಷ್ಟರಲ್ಲಿ ಆಕೆಗೆ ಯಾರನ್ನಾದರೂ ಬೈಯಬೇಕು ಅನ್ನಿಸಿ ಬಾಯಿ ತೆಗೆಯುತ್ತಿದ್ದಳು.

ಹೀಗೆ ಪಾತ್ರೆಯಲ್ಲಿ ಮುಖವಿಟ್ಟುಕೊಂಡಿದ್ದಾಗಲೇ ಎರಡನೇ ಮಹಡಿಯ ಬಾಡಿಗೆಯವಳು, ಸತ್ಯವತಿ ಟೀಚರ್, ನೀರಿನ ಮೋಟಾರ್ ಹಾಕಿಸಲು ಕೆಳಗೆ ಬಂದಳು. ಉಡುಪಿಯ ಕಡೆಯವಳು. ಮೋಟಾರಿನ ಸ್ವಿಚ್ಚು ಲಕ್ಷ್ಮಿದೇವಮ್ಮನ ಕೈಲಿ. ಒಂಬತ್ತು ಸಂಸಾರದ ಸ್ನಾನ, ಅಡುಗೆ, ಬಟ್ಟೆ ಎಲ್ಲ ಆಕೆ ಗುಂಡಿ ಒತ್ತಿದ ಮೇಲೇ.

"ಏನು ಮಾರಾಯ್ರೆ ಇದು, ಕಣ್ಣಿಗೇನಾದ್ರೂ ಬಿತ್ತಾ?" ಅಂದಳು ಸತ್ಯವತಿ.

ಲಕ್ಷ್ಮಿದೇವಮ್ಮ ಮುಖ ಎತ್ತಿ ಒರೆಸಿಕೊಂಡು ಮಲ್ಪೆಯ ಸುದ್ದಿ ಹೇಳಿದಳು. ಹೇಳುವಾಗ ದನಿಯಲ್ಲಿ ಸ್ವಲ್ಪ ಗತ್ತಿತ್ತು. ಟೀಚರಿಗೆ ಪಾಠ ಒಪ್ಪಿಸಿದ ಹಾಗೆ.

"ಒಳ್ಳೇದೇ. ಯಾವಾಗ?"

"ಜುಲೈ ಎರಡನೇ ಶನಿವಾರ."

ಸತ್ಯವತಿ "ಜುಲೈಯಲ್ಲಿ ಕಡಲಿಗೆ ಇಳೀಲಿಕ್ಕೆ ಬಿಡುದಿಲ್ಲ ಅಲ್ವಾ?" ಅಂದಳು. "ಮಳೆಗಾಲ. ದಡದುದ್ದಕ್ಕೂ ಬಲೆ ಕಟ್ಟಿರ್ತಾರೆ. ಮೀನುಗಾರರೇ ದೋಣಿ ದಡಕ್ಕೆ ಹಾಕಿ ಕೂತಿರ್ತಾರೆ. ಅಲೆ ತೆಂಗಿನಮರದಷ್ಟು ಬರ್ತದೆ."

"ಸಮುದ್ರಕ್ಕೂ ಶಟರ್ ಐತಾ?"

"ನಾಲ್ಕು ತಿಂಗಳು ಹಾಗೇ ಅಂತ ಇಟ್ಕೊಳ್ಳಿ."

ಲಕ್ಷ್ಮಿದೇವಮ್ಮ ನಂಬಲಿಲ್ಲ. ಬೆಂಗಳೂರಿನಲ್ಲಿ ಜುಲೈ ಅಂದರೆ ಸಂಜೆ ನಾಲ್ಕು ಹನಿ, ಒಂದು ಸ್ವೆಟರು. ಸತ್ಯವತಿ ಅಲ್ಲಿಯೇ ನಿಂತು ಮಲ್ಪೆಯಲ್ಲಿದ್ದ ಅಣ್ಣನಿಗೆ ಫೋನು ಹಚ್ಚಿದಳು. ಅವನು "ಸ್ವಲ್ಪ ತಡೀರಿ" ಅಂತ ಹೊರಗೆ ಹೋಗಿ ಫೋನನ್ನು ಕಡಲಿನ ಕಡೆ ಹಿಡಿದ. ಸ್ಪೀಕರಿನಿಂದ ಬಂದ ಸದ್ದಿಗೆ ಪಾತ್ರೆಯ ಮುಚ್ಚಳ ಅದುರಿದ ಹಾಗಾಯಿತು. ಲಾರಿಯೊಂದು ಜಲ್ಲಿ ಸುರಿಯುತ್ತಿದೆ, ಸುರಿಯುತ್ತಲೇ ಇದೆ. ಲಕ್ಷ್ಮಿದೇವಮ್ಮ ನಂಬಿದಳು.

ಸತ್ಯವತಿ ನೀರು ಬಿಡಿಸಿಕೊಂಡು ಮೇಲೆ ಹೋದಳು. ಲಕ್ಷ್ಮಿದೇವಮ್ಮ ಮೋಟಾರ್ ಆರಿಸುವುದನ್ನೂ ಮರೆತು ಮೆಟ್ಟಿಲ ಮೇಲೆ ಕೂತಳು. ಮೇಲಿನ ಟ್ಯಾಂಕು ತುಂಬಿ ಬೀದಿಗೆ ಸುರಿಯಿತು. ಹೇಳಿದರೆ ಗಂಡ ಆ ಕ್ಷಣವೇ ಪ್ರವಾಸ ರದ್ದು ಮಾಡುತ್ತಾನೆ, ಆಷಾಢ ಬಿಟ್ಟರೆ ಈ ಮನೆಗೆ ಬೇರೆ ತಿಂಗಳಿಲ್ಲ. ಹೇಳದಿದ್ದರೆ ಮಲ್ಪೆಯವರೆಗೂ ಹೋಗಿ, ಬಲೆಯ ಈಚೆ ನಿಂತು ಸದ್ದು ಕೇಳಿಕೊಂಡು ಬರಬೇಕು. ಸದ್ದು ಆಕೆ ಆಗಲೇ ಒಂದು ಸಲ ಕೇಳಿದ್ದಾಗಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲ. ಆದರೆ ಗೊತ್ತಾಗಿದ್ದ ಮದುವೆಗಳನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದಳು. ಫೆಬ್ರವರಿ ಎರಡನೇ ವಾರ ದೇವೇಂದ್ರಪ್ಪನ ಅಕ್ಕ ಜಗದಾಂಬಾಳ ಮೊಮ್ಮಗಳ ಮದುವೆ. ಅದಾದ ಮರುವಾರ ಮುನಿಯಪ್ಪನ ಮಗನ ಬೀಗರ ಊಟ. ಮುನಿಯಪ್ಪ ನೆಂಟನಲ್ಲ, ಗಂಡನ ಜೊತೆ ಇಸ್ಪೀಟು ಆಡುವವನು. ಇಡೀ ಕ್ಯಾಲೆಂಡರಿನಲ್ಲಿ ತೆಳ್ಳಗಿದ್ದ ಗೋಡೆ ಅದೊಂದೇ.

ಮೂರನೇ ದಿನ ಊಟದ ಹೊತ್ತಿಗೆ ಹೇಳಿಯೇ ಬಿಟ್ಟಳು. "ಜುಲೈಯಲ್ಲಿ ಸಮುದ್ರ ಬಂದ್."

"ಯಾರು ಬಂದ್ ಮಾಡಿರೋದು?" ಅಂದ ಕಾಂತರಾಜು. ಬೆಂಗಳೂರಿನವರಿಗೆ ಬಂದ್ ಅಂದರೆ ಅದರ ಹಿಂದೆ ಒಂದು ಸಂಘಟನೆ ಇರಲೇಬೇಕು.

"ಮಳೆ ಮಾಡಿರೋದು. ಟೀಚರ್ ಹೇಳಿದ್ರು. ಫೆಬ್ರವರಿಗೆ ಹೋಗಣ, ಜಗದಾಂಬಕ್ಕನ ಮನೆ ಮದುವೆ ಆದ ಮರುವಾರ."

ದೇವೇಂದ್ರಪ್ಪನ ಮುಖದಲ್ಲಿ ಸೂರ್ಯ ಹುಟ್ಟಿದ. "ಮರುವಾರ ಮುನಿಯಪ್ಪನ ಮಗನ ಬೀಗರ ಊಟ! ಅದನ್ನ ಬಿಡಕ್ಕಾಗುತ್ತಾ? ಹಂಗಾದ್ರೆ ಬೇಡ ಬಿಡು. ಕ್ಯಾನ್ಸಲ್. ನಾನೇನು ಮಾಡ್ಲಿ, ಸಮುದ್ರಾನೇ ಬೇಡ ಅಂದ್ರೆ?" ಅಂದು ಎರಡನೇ ಸಲ ಅನ್ನ ಹಾಕಿಸಿಕೊಂಡ. ಕರಾರು ಸಮುದ್ರಕ್ಕೆ ಹೋದಾಗ ಮಾತ್ರ ಜಾರಿ. ಹೋಗದೇ ಇದ್ದರೆ ಯಾವ ಚಪ್ಪಲಿ, ಯಾವ ದಡ?

ಲಕ್ಷ್ಮಿದೇವಮ್ಮ ಜಗಳವಾಡಲಿಲ್ಲ. ಗೌರಿ ಹಬ್ಬ ಕಳೆಯಿತು, ದಸರಾ ಕಳೆಯಿತು. ಬೆಲ್ಟು ಸುತ್ತಿದ ನೈಟಿ ಬೀರುವಿನಲ್ಲೇ ಇತ್ತು. ಮಾಲೆ ಹಾಕಿ, ಶಬರಿಮಲೆಗೆ ಹೋಗಿ ಬಂದದ್ದೂ ಆಯಿತು. ಜನವರಿ ಕೊನೆಯಲ್ಲಿ ನಂದಿನಿ ಲೇಔಟಿನಿಂದ ಜಗದಾಂಬಾಳ ಫೋನು ಬಂತು. ಅರವತ್ತೆಂಟರ ಜಗದಾಂಬಾಳಿಗೆ ಫೋನಿನ ಅಗತ್ಯವೇ ಇಲ್ಲ, ಕಿಟಕಿ ತೆಗೆದು ಕೂಗಿದರೂ ಹೊಸಹಳ್ಳಿಗೆ ಕೇಳುತ್ತದೆ. ಲಕ್ಷ್ಮಿದೇವಮ್ಮ ಸ್ಪೀಕರಿಗೆ ಹಾಕಿ ಅವರೆಕಾಯಿ ಬಿಡಿಸುತ್ತ ಕೂತಳು. ಎದುರಿಗೆ ದೇವೇಂದ್ರಪ್ಪ ಪೇಪರು ಓದುತ್ತಿದ್ದ.

"ಲಕ್ಷ್ಮೀ, ಮದುವೆ ಎರಡು ದಿನಾನೂ ಒಡವೆ ರೂಮು ನಿಂದೇ. ಹುಡುಗನ ಕಡೆಯವರೂ ಅಲ್ಲೇ ಇಡ್ತಾರಂತೆ. ನೀನಿದ್ರೆ ನಮಗೆ ಧೈರ್ಯ."

"ಆಗಲ್ಲ ಜಗದಾಂಬಕ್ಕ."

ಪೇಪರು ಕೆಳಗಿಳಿಯಿತು. ಜಗದಾಂಬಾ ಫೋನು ಅದುರುವಂತೆ ಕೂಗಿದಳು.

"ಏನಂದೆ?"

"ಮದುವೆಗೆ ಬರ್ತೀನಿ. ಮುಂದಿನ ಸಾಲಲ್ಲಿ ಕೂತ್ಕೊಂಡು ಧಾರೆ ನೋಡ್ತೀನಿ. ರೂಮು ಕಾಯಕ್ಕಾಗಲ್ಲ. ನಿಮ್ಮ ತಮ್ಮ ಇದಾರಲ್ಲ, ಕೂರಿಸಿ."

"ಅವನಾ? ಅವನು ಮೊದಲನೇ ಪಂಕ್ತಿಗೆ ಎಲೆ ಹಾಕಿದ್ರು ಅಂದ್ರೆ ತಾಳೀನೂ ಬಿಟ್ಟು ಓಡ್ತಾನೆ! ಏನಾಯ್ತೇ ನಿಂಗೆ? ಯಾರ ಮೇಲೆ ಕೋಪ?"

ಲಕ್ಷ್ಮಿದೇವಮ್ಮ ಹೇಳಿದಳು. ಮುರುಡೇಶ್ವರ, ಚಪ್ಪಲಿ, ಆಷಾಢ, ಮುನಿಯಪ್ಪ, ಎಲ್ಲ. ದೇವೇಂದ್ರಪ್ಪ ಕೈಸನ್ನೆಯಲ್ಲಿ ನಿಲ್ಲಿಸು ನಿಲ್ಲಿಸು ಅಂದ. ಅವರೆಕಾಯಿ ಸಿಪ್ಪೆ ಅವನ ಕಡೆ ಹಾರಿತು.

"ಎರಡು ದಿನ ರೂಮು ಕಾಯ್ತೀನಿ ಅಕ್ಕ, ಕಡೇ ಸಲ" ಅಂದಳು. "ಅದಕ್ಕೆ ಬದಲು ಮರುವಾರ ನಾನು ಸಮುದ್ರದಲ್ಲಿರ್ಬೇಕು. ನಿಮ್ಮ ತಮ್ಮ ದಡದಲ್ಲಿರ್ಬೇಕು. ಅದನ್ನ ನೀವೇ ಹೇಳ್ಬೇಕು."

"ಫೋನ್ ಅವನಿಗೆ ಕೊಡು."

"ಕೇಳಿಸ್ಕೊತಾವ್ರೆ, ಹೇಳಿ."

"ಲೋ ದೇವೇಂದ್ರ!" ಪಕ್ಕದ ಮನೆಯ ನಾಯಿ ಬೊಗಳಿತು. "ಮುನಿಯಪ್ಪನ ಮನೆ ಮಾಂಸ ಹೋದ್ರೆ ಸಾಯ್ತೀಯೇನೋ? ನನ್ನ ಮೊಮ್ಮಗಳ ಒಡವೆ ಹೋದ್ರೆ ನಾನು ಸಾಯ್ತೀನಿ. ಮರುವಾರ ಇವಳ್ನ ಸಮುದ್ರಕ್ಕೆ ಕರ್ಕೊಂಡ್ಹೋಗಿ ಬರ್ಬೇಕು, ಗೊತ್ತಾಯ್ತಾ?"

"ಹೂಂ ಅಕ್ಕ" ಅಂದ ದೇವೇಂದ್ರಪ್ಪ. ಅರವತ್ತನಾಲ್ಕು ವರ್ಷದಲ್ಲಿ ಅಕ್ಕನಿಗೆ ಅವನು ಬೇರೆ ಉತ್ತರ ಕೊಟ್ಟ ದಾಖಲೆಯಿಲ್ಲ.

ಲಕ್ಷ್ಮಿದೇವಮ್ಮ ಎರಡು ದಿನ ಒಡವೆ ಕೋಣೆಯಲ್ಲಿ ಕೂತಳು. ಒಂದು ಮೂಗುಬೊಟ್ಟೂ ಕಳೆಯಲಿಲ್ಲ. ಮೂರನೇ ದಿನ ಬೀಗದ ಕೈಯನ್ನು ಜಗದಾಂಬಾಳ ಅಂಗೈಗೆ ಹಾಕಿ, "ಇನ್ಮೇಲೆ ಬೇರೆಯವರನ್ನ ನೋಡ್ಕೊಳ್ಳಿ" ಅಂತ ಹೇಳಿ ಬಂದಳು.

ಮರುವಾರ ಹನ್ನೆರಡು ಜನ ಮಲ್ಪೆಯಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಬಿಸಿಲು, ಗಾಳಿ, ಒಣಮೀನಿನ ವಾಸನೆ. ಸಮುದ್ರ ತೆರೆದಿತ್ತು. ಬಾಡಿಗೆಗೆ ಸಿಗುವ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ದೇವೇಂದ್ರಪ್ಪನನ್ನು ಕೂರಿಸಿದರು. ಚಪ್ಪಲಿ, ಫೋನು, ಪರ್ಸು ಅವನ ಸುತ್ತ ಬಿದ್ದವು. ಅವನು ಗಲ್ಲಿಗೇರುವವನ ಮುಖ ಮಾಡಿಕೊಂಡಿದ್ದ.

ಮೊದಲು ಇಳಿದವನು ಕಾಂತರಾಜು. ತಲೆಗೆ ರಬ್ಬರ್ ಟೋಪಿ, ಕಣ್ಣಿಗೆ ನೀಲಿ ಗಾಗಲ್ಸು. ಎದೆಯುಬ್ಬಿಸಿ, ಎರಡು ಕೈ ಮುಂದೆ ಚಾಚಿ, ಶಿಬಿರದಲ್ಲಿ ಕಲಿಸಿದ ಹಾಗೇ ಹಾರಿದ. ಈಜುಕೊಳದ ನೀರು ಇದ್ದಲ್ಲೇ ಇರುತ್ತದೆ. ಇದು ಎದುರಿಗೆ ಬಂತು. ಎತ್ತಿ, ಮಗುಚಿ, ಮರಳಿನಲ್ಲಿ ಉಜ್ಜಿ, ತಂದು ದಡಕ್ಕೆ ಹಾಕಿತು. ಟೋಪಿ ಹೋಗಿತ್ತು, ಗಾಗಲ್ಸು ಕೊರಳಿನಲ್ಲಿತ್ತು, ಚಡ್ಡಿಯ ಎರಡೂ ಜೇಬು ಮರಳಿನಿಂದ ತುಂಬಿದ್ದವು.

"ಅಂಕಲ್, ಇನ್ನೊಂದ್ಸಲ!" ಅಂತ ಅಲ್ಲಿದ್ದ ಕಾಲೇಜು ಹುಡುಗನೊಬ್ಬ ಕೂಗಿದ.

ಕಾಂತರಾಜು ಇನ್ನೊಂದು ಸಲ ಹೋಗಲಿಲ್ಲ. ಕುಂಟುತ್ತ ಅಪ್ಪನ ಕುರ್ಚಿಯ ಹತ್ತಿರ ಬಂದ. "ಅಪ್ಪ, ನೀವು ಬೇಕಾದ್ರೆ ಹೋಗಿ ಈಜ್ಕೊಂಡು ಬನ್ನಿ. ನಾನು ನೋಡ್ಕೊತೀನಿ."

ದೇವೇಂದ್ರಪ್ಪ ಮಗನಿಗೆ ಆದದ್ದನ್ನು ಪೂರ್ತಿ ನೋಡಿದ್ದ. ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದ. "ಬೇಡ, ಬೇಡ. ನೀನು 'ಸರ್ಟಿಫಿಕೇಟ್' ತಗೊಂಡೋನು, ಹೋಗು."

"ಇಷ್ಟು ಸಾಮಾನು ಒಬ್ರೇ ಹೆಂಗೆ ನೋಡ್ಕೊತೀರಾ? ಎದ್ದೇಳಿ ಒಂದು ನಿಮಿಷ."

"ಏಳಲ್ಲ. ಮೊದಲು ಬಂದು ಕೂತಿರೋನು ನಾನು."

ಲಕ್ಷ್ಮಿದೇವಮ್ಮ ಅಷ್ಟು ಹೊತ್ತಿಗೆ ನೈಟಿಯ ಮೇಲೆ ಬೆಲ್ಟು ಬಿಗಿದು, ಒಂದು ಕೈಲಿ ಶರಣ್ಯಾಳನ್ನೂ ಇನ್ನೊಂದು ಕೈಲಿ ರಕ್ಷಾಳನ್ನೂ ಹಿಡಿದು ನಡೆದುಬಿಟ್ಟಿದ್ದಳು. ಹಾರುವುದು, ಗೀರುವುದು ಏನೂ ಇಲ್ಲ. ಬಸ್ಸು ಹತ್ತುವ ಹಾಗೆ, ಭುಜ ಅಡ್ಡ ಕೊಟ್ಟು ನಡೆದಳು. ಪಾದ, ಮೊಣಕಾಲು, ತೊಡೆ. ಮೊದಲ ಅಲೆ ಬಂದು ಸೊಂಟಕ್ಕೆ ಗುದ್ದಿತು. ಎರಡು ಹೆಜ್ಜೆ ಹಿಂದೆ ಹೋದಳು, ಮೂರು ಹೆಜ್ಜೆ ಮುಂದೆ ಬಂದಳು. ಕಾಲ ಕೆಳಗಿನ ಮರಳು ಜಾರಿ ಹೋಗುತ್ತಿತ್ತು. "ಏಯ್ ಏಯ್ ಏಯ್" ಅಂತ ಕಿರುಚಿದಳು. ಅದು ಭಯವೋ ಖುಷಿಯೋ ಅಂತ ಶರಣ್ಯಾಳಿಗೆ ತಿಳಿಯಲಿಲ್ಲ. ಎರಡನೇ ಅಲೆ ಕೂರಿಸಿಯೇ ಬಿಟ್ಟಿತು. ಮೂಗಿನಲ್ಲಿ ಉಪ್ಪು, ಬಾಯಲ್ಲಿ ಮರಳು. ತುರುಬು ಬಿಚ್ಚಿ ಮುಖದ ಮೇಲೆ ಬಂತು. ಎದ್ದು ನಿಂತು, ಕೂದಲು ಹಿಂದಕ್ಕೆಸೆದು, ಕ್ಯಾಕರಿಸಿ ಉಗಿದು, ಮತ್ತೆ ಮುಂದಕ್ಕೆ ನಡೆದಳು. ಈಜಿದಳೇ ಅಂದರೆ ಇಲ್ಲ. ದಿವಾನದ ಮೇಲೆ ಕಲಿತ ಒಂದೂ ಆಕೆಗೆ ನೆನಪಿರಲಿಲ್ಲ.

ಒಂದು ಗಂಟೆ ಕಳೆಯಿತು. ಶರಣ್ಯಾ ಸುಸ್ತಾಗಿ, ನಡುಗುತ್ತಿದ್ದ ರಕ್ಷಾಳನ್ನು ಕರೆದುಕೊಂಡು ಹೊರಟಳು. ಮೈದುನನ ಮನೆಯವರು ಆಗಲೇ ಮೀನೂಟದ ಹೋಟೆಲು ಹುಡುಕುತ್ತಿದ್ದರು. ದಡದಿಂದ ದೇವೇಂದ್ರಪ್ಪ ಕುರ್ಚಿಯಲ್ಲಿ ಕೂತೇ ಕೂಗಿದ, "ಸಾಕು ಬಾರೇ, ಹೊಟ್ಟೆ ಹಸೀತೈತೆ!"

ಕಾಂತರಾಜು ಆ ಗಳಿಗೆ ನೋಡಿ ಕುರ್ಚಿಯ ಹಿಂದಿನ ಕಾಲು ಎಳೆದ. ಅಪ್ಪ, ಮಗ ಇಬ್ಬರೂ ಮರಳಿನ ಮೇಲೆ ಉರುಳಿದರು.

ನೀರಿನೊಳಗಿಂದ ಲಕ್ಷ್ಮಿದೇವಮ್ಮ ತಿರುಗಿ ನೋಡಿದಳು. "ಥೂ, ಜಗಳ ಆಡ್ಬೇಡಿ ಇಬ್ರೂ! ಇನ್ನೊಂದು ಕುರ್ಚಿ ತಗೊಂಡು..." ಅನ್ನುವಷ್ಟರಲ್ಲಿ ಬೆನ್ನಿನ ಕಡೆಯಿಂದ ಬಂದ ಅಲೆ ಆಕೆಯನ್ನು ಪೂರ್ತಿ ನುಂಗಿತು. ದಡದಲ್ಲಿ ಇಬ್ಬರೂ ಜಗಳ ಬಿಟ್ಟು ಎದ್ದು ನಿಂತರು. ಒಂದು, ಎರಡು, ಮೂರು. ಏಳಕ್ಕೆ ತಲೆ ಮೇಲೆ ಬಂತು, ಬಾಯಿಯೂ ಜೊತೆಗೇ ಬಂತು. "ನಿನ್ನ ವಂಶ ಹಾಳಾಗ, ಮಾತಾಡ್ತಾ ಇದೀನಿ ಕಾಣ್ಸಲ್ವಾ?" ಅಂತ ಸಮುದ್ರಕ್ಕೆ ಬೈದು, ಬೆಲ್ಟು ಇನ್ನೊಂದು ತೂತು ಬಿಗಿದು, ಆಕೆ ಇನ್ನೂ ಒಳಕ್ಕೆ ಹೆಜ್ಜೆ ಇಟ್ಟಳು.